ಒಂದು ಬಿರುಕು, ನಾಲ್ಕು ತಪ್ಪೊಪ್ಪಿಗೆ

ಗಾಜಿನ ಕೆಲಸ ಮಾಡುವವನಿಗೆ ಕೋಪ ಇರಬಾರದು ಎಂದು ಯಾರೂ ಕಾನೂನು ಮಾಡಿಲ್ಲ. ಮಾಡಿದ್ದರೆ ಕೆಂಡ ಆ ಬೀದಿಯಲ್ಲಿ ಅಂಗಡಿ ತೆರೆಯುವ ಹಾಗೇ ಇರಲಿಲ್ಲ. ಕೆಂಡ ಅನ್ನುವುದು ಬೀದಿಯವರು ಇಟ್ಟ ಹೆಸರು. ಮನೆಯವರು ಇಟ್ಟ ಹೆಸರು ಒಂದಿತ್ತು, ಅದು ಚರ್ಚಿನ ದಾಖಲೆ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತು. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲಿತ್ತು ಅಂದರೆ ಕಡಿಮೆಯಾಯಿತು. ಮೂಗಿಗಿಂತ ಒಂದು ಗೇಣು ಮುಂದೆಯೇ ನಡೆಯುತ್ತಿತ್ತು.

ಆದರೆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಿಟಕಿಗೆ ಗಾಜು ಕೂರಿಸುವುದು, ಕನ್ನಡಿ ಕೊಯ್ಯುವುದು, ಫೋಟೋಗಳಿಗೆ ಕಟ್ಟು ಹಾಕುವುದು, ಮೂರೂ ಅವನಿಗೆ ನೀರು ಕುಡಿದಷ್ಟು ಸಲೀಸು. ಅದಕ್ಕಿಂತ ಹೆಚ್ಚಿನ ಒಂದು ವಿದ್ಯೆ ಅವನಿಗಿತ್ತು. ಒಡೆದ ಗಾಜನ್ನು ಕೈಗೆ ತೆಗೆದುಕೊಂಡು ಒಂದು ನಿಮಿಷ ತಿರುಗಿಸಿ ನೋಡಿದರೆ ಅದು ಹೇಗೆ ಒಡೆಯಿತು ಅಂತ ಹೇಳಿಬಿಡುತ್ತಿದ್ದ. ಏಟು ಬಿದ್ದಿದ್ದರೆ ಜೇಡರ ಬಲೆಯ ಹಾಗೆ ಒಡೆಯುತ್ತದೆ. ಬಿಸಿಲು ನೆರಳಿಗೆ ಬಿರಿದಿದ್ದರೆ ಗೆರೆ ಹಾವಿನ ಹಾಗೆ ಹರಿಯುತ್ತದೆ. ಮೊಳೆ ಬಿಗಿಯಾಗಿದ್ದರೆ ಬಿರುಕು ಮೊಳೆಯ ಬುಡದಿಂದಲೇ ಹುಟ್ಟುತ್ತದೆ. ಒಮ್ಮೆ ಒಬ್ಬ ದೊಡ್ಡ ಮನುಷ್ಯ ಬಂದು, "ಮಗ ಚೆಂಡು ಎಸೆದು ಒಡೆದುಬಿಟ್ಟ" ಅಂತ ಬೀರುವಿನ ಗಾಜು ತಂದಿಟ್ಟ. ಕೆಂಡ ನೋಡಿ, "ಚೆಂಡಲ್ಲ ಸ್ವಾಮಿ, ಬಾಗಿಲು ಜೋರಾಗಿ ದಬ್ಬಿದ್ದೀರಿ" ಅಂದ. ಆ ಮನುಷ್ಯ ಸುತ್ತ ನೋಡಿ, "ಮನೆಯವಳು ಕೇಳಿದ್ರೆ ಚೆಂಡು ಅಂತಲೇ ಹೇಳಪ್ಪ" ಅಂದುಬಿಟ್ಟ. ಕೆಂಡ ಈ ಕಥೆಯನ್ನು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದ.

ಐದನೇ ಕ್ಲಾಸಿಗೆ ಶಾಲೆಗೆ ಸಲಾಮು ಹೊಡೆದು ಸೋದರಮಾವನ ಅಂಗಡಿ ಸೇರಿದವನು ಅವನು. ಮಾವ ಕಲಿಸಿದ್ದು ಗೆಣ್ಣಿನ ಮೇಲೆ ಸ್ಕೇಲಿನಿಂದ ಹೊಡೆದು; ಮನೆಯಲ್ಲಿ ಅಪ್ಪ ಬೆಳೆಸಿದ್ದು ಸೊಂಟದ ಬೆಲ್ಟಿನಿಂದ. ಮದುವೆಯಾಗುವಾಗಲೇ ಅವನಿಗೆ ಮೂವತ್ತೆಂಟು ದಾಟಿತ್ತು. ನಲವತ್ತರ ಮೇಲೆ ಮಗಳು ಹುಟ್ಟಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಈ ಕೈ ಮಕ್ಕಳ ಮೇಲೆ ಏಳುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟ. ಮಾತನ್ನು ಉಳಿಸಿಕೊಂಡಿದ್ದ. ಆದರೆ ಹೊಡೆಯದೆ ಮಕ್ಕಳನ್ನು ಬೆಳೆಸುವುದು ಹೇಗೆ ಅಂತ ಅವನಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಹಾಗಾಗಿ ಕೈಯಲ್ಲಿ ಉಳಿಸಿದ್ದನ್ನೆಲ್ಲ ಗಂಟಲಲ್ಲಿ ಖರ್ಚು ಮಾಡುತ್ತಿದ್ದ.

ಹೆಂಡತಿ ಬೆಳಿಗ್ಗೆ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಚೀಟಿ ಬರೆಯುವ ಕೆಲಸ ಮಾಡುತ್ತಿದ್ದಳು. ಮಾತು ಕಮ್ಮಿ, ಆಡಿದರೆ ಎರಡು ಮಾತಿಲ್ಲ. ಮಗ ಹುಟ್ಟಿದ ವರ್ಷವೇ ಅವಳು ಮನೆಯಲ್ಲಿ ಒಂದು ನಿಯಮ ತಂದಳು. ಸಂಜೆ ಊಟಕ್ಕೆ ಮೊದಲು ಪ್ರಾರ್ಥನೆ ಹೇಗೂ ಇತ್ತು. ಇನ್ನು ಮೇಲೆ ಆ ಪ್ರಾರ್ಥನೆಯಲ್ಲಿ ಪ್ರತಿಯೊಬ್ಬರೂ ಆ ದಿನದ ತಮ್ಮ ಒಂದು ತಪ್ಪನ್ನು ಬಾಯಿ ಬಿಟ್ಟು ಹೇಳಬೇಕು, ಉಳಿದವರು ಕ್ಷಮಿಸಬೇಕು. ಆಮೆನ್ ಆದ ಮೇಲೆ ಆ ತಪ್ಪಿನ ಸುದ್ದಿಯನ್ನು ಯಾರೂ ಎತ್ತಬಾರದು. "ಕೋಪ ತಟ್ಟೆ ಹತ್ರ ಬರಬಾರದು ರೀ. ಮಕ್ಕಳು ಅನ್ನ ತಿನ್ಬೇಕೋ ನಿಮ್ಮ ಮುಖ ನೋಡ್ಬೇಕೋ?" ಅಂದಿದ್ದಳು. ಕೆಂಡ ಒಪ್ಪಿಕೊಂಡ. ಒಪ್ಪದೆ ಏನು ಮಾಡುತ್ತಾನೆ?

ಈಗ ಮಗಳಿಗೆ ಆರು, ಮಗನಿಗೆ ನಾಲ್ಕು. ಮಗಳನ್ನು ಗುಬ್ಬಿ ಅಂತಲೂ ಮಗನನ್ನು ಉಂಡೆ ಅಂತಲೂ ಕರೆಯುತ್ತಿದ್ದರು. ನೋಡಿದರೆ ಕಾರಣ ಕೇಳಬೇಕಾಗಿರಲಿಲ್ಲ. ಆಮೆನ್ ಆದ ಮೇಲೆ ಬೈಗುಳ ಇಲ್ಲ ಅನ್ನುವುದನ್ನು ಉಂಡೆ ಬಹಳ ಬೇಗ ಅರ್ಥ ಮಾಡಿಕೊಂಡ. ಒಂದು ಸಂಜೆ ಕಣ್ಣು ಬಿಗಿಯಾಗಿ ಮುಚ್ಚಿ, "ಕರ್ತನೇ, ನಾನು ಅಕ್ಕನ ಪೆನ್ಸಿಲ್ ಕಚ್ಚಿದೆ. ನಾಳೆನೂ ಕಚ್ತೀನಿ. ಎರಡಕ್ಕೂ ಸೇರಿಸಿ ಕ್ಷಮಿಸು, ಆಮೆನ್" ಅಂದ.

"ನಾಳೆದು ನಾಳೆ ಕೇಳೋ" ಅಂದ ಕೆಂಡ.

"ನಾಳೆ ಮರೆತುಹೋದ್ರೆ?"

ಇದಕ್ಕೆ ಏನು ಹೇಳಬೇಕು? ಹೆಂಡತಿ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕೆಂಡ ತಲೆ ಕೆರೆದುಕೊಂಡ. ಆ ಮನೆಯಲ್ಲಿ ಅವನು ತಲೆ ಕೆರೆದುಕೊಳ್ಳದ ದಿನವೇ ಇರಲಿಲ್ಲ. ದೇವರು ಹಲ್ಲುಜ್ಜುತ್ತಾನಾ, ದೇವರಿಗೆ ತಪ್ಪಾದರೆ ಅವನು ಯಾರ ಹತ್ತಿರ ಹೇಳುತ್ತಾನೆ, ಸ್ವರ್ಗದಲ್ಲಿ ಸ್ನಾನ ಇದೆಯಾ, ಇದ್ದರೆ ತಲೆಗೂ ಇದೆಯಾ? ಗಾಜಿನ ಬಗ್ಗೆ ಕೇಳಿದರೆ ರಾತ್ರಿ ಬೆಳಗಾಗುವ ತನಕ ಹೇಳಬಲ್ಲ. ಇಂಥವಕ್ಕೆ, "ಸುಮ್ನೆ ಹಾಲು ಕುಡಿ" ಅನ್ನುವುದೊಂದೇ ಅವನಿಗೆ ಗೊತ್ತಿದ್ದ ಉತ್ತರ.

ಇನ್ನು ಅವನ ಸರದಿ ಬಂದಾಗ ಅವನು ಹೇಳುತ್ತಿದ್ದುದು ಒಂದೇ ತಪ್ಪು. "ಇವತ್ತು ಕೂಗಾಡಿದೆ, ಕ್ಷಮಿಸಿ." ಬಸ್ಸಿನ ಕಂಡಕ್ಟರು ಊರ ಹೆಸರು ಕೂಗುವ ಹಾಗೆ, ಉಸಿರು ಬಿಡದೆ. ಗುಬ್ಬಿ ಒಮ್ಮೆ, "ಅಪ್ಪಂದು ನಾನೇ ಹೇಳ್ಲಾ? ನಂಗೆ ಬಾಯಿಪಾಠ ಬರತ್ತೆ" ಅಂದಿದ್ದಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುವೆ ಒಂದು ಬಾಗಿಲು, ಬಾಗಿಲಿಗೊಂದು ಪರದೆ. ಅಂಗಡಿಯ ಮೂಲೆಯಲ್ಲಿ ಗುಬ್ಬಿಗೆ ಅಂತಲೇ ಒಂದು ಪುಟ್ಟ ಮರದ ಸ್ಟೂಲು ಇತ್ತು, ಕೆಂಡನೇ ಕಟ್ಟಿನ ಮರದ ತುಂಡುಗಳಿಂದ ಮಾಡಿದ್ದು. ಶಾಲೆಯಿಂದ ಬಂದವಳೇ ಚೀಲ ಎಸೆದು ಆ ಸ್ಟೂಲಿನ ಮೇಲೆ ಕೂತು, ಹಳೆ ಪೇಪರು ಮುದ್ದೆ ಮಾಡಿ ಗಾಜು ಒರೆಸುತ್ತಿದ್ದಳು. ಒರೆಸುವಾಗ ಬಾಯಿ ತೆರೆದು ಗಾಜಿಗೆ 'ಹಾ' ಅಂತ ಉಸಿರು ಬಿಡುವುದು, ಆ ಮಬ್ಬಿನ ಮೇಲೆ ಬೆರಳಲ್ಲಿ ಒಂದು ಮೂಗು ಬರೆಯುವುದು, ಒರೆಸುವುದು. ಯಾವಾಗಲೂ ಮೂಗೇ ಯಾಕೆ ಅಂತ ಕೇಳಿದರೆ, "ಕಣ್ಣು ಕಷ್ಟ ಅಪ್ಪ" ಅನ್ನುತ್ತಿದ್ದಳು. ದಿನದಲ್ಲಿ ಆ ಒಂದು ಗಂಟೆ ಕೆಂಡನ ಗಂಟಲು ತಣ್ಣಗಿರುತ್ತಿತ್ತು. ಬೀದಿಯವರಿಗೂ ಅದು ಗೊತ್ತಿತ್ತು. ಏನಾದರೂ ತಕರಾರು ಇದ್ದರೆ ಗುಬ್ಬಿ ಸ್ಟೂಲಿನ ಮೇಲೆ ಕೂತ ಮೇಲೇ ಬರುತ್ತಿದ್ದರು.

ಆ ಮಂಗಳವಾರ ಟೀಚರಮ್ಮ ಬಂದರು. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವರು, ಗುಬ್ಬಿಯ ಕಣ್ಣಿಗೆ ದೇವದೂತರಿಗಿಂತ ಒಂದು ಮೆಟ್ಟಿಲು ಮೇಲೆ. ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಫೋಟೋ. ಮೊಟ್ಟೆಯ ಆಕಾರದ ಕಟ್ಟು, ಅದರ ಮೇಲೆ ಉಬ್ಬುಗಾಜು, ಒಳಗೆ ಅವರ ತಾಯಿ. ಈ ಉಬ್ಬುಗಾಜನ್ನು ಈಗ ಯಾರೂ ಮಾಡುವುದಿಲ್ಲ. ಅದರೊಳಗಿದ್ದರೆ ಮುಖ ಸ್ವಲ್ಪ ಮುಂದೆ ಬಂದು ಏನೋ ಹೇಳುವ ಹಾಗೆ ಕಾಣುತ್ತದೆ.

"ಹಿಂದಿನ ಹಲಗೆ ಹುಳ ತಿಂದುಬಿಟ್ಟಿದೆಯಪ್ಪ. ಹಲಗೆ ಒಂದು ಹೊಸದು ಹಾಕು, ಉಳಿದದ್ದು ಮುಟ್ಟಬೇಡ. ಭಾನುವಾರಕ್ಕೆ ಅಮ್ಮ ಹೋಗಿ ಒಂದು ವರ್ಷ. ಮನೇಲಿ ಪ್ರಾರ್ಥನೆ ಇಟ್ಕೊಂಡಿದ್ದೀನಿ. ಶನಿವಾರ ನಾಲ್ಕಕ್ಕೆ ಬರ್ತೀನಿ."

"ಟೀಚರಮ್ಮ, ಇದನ್ನ ಮಗು ಥರ ನೋಡ್ಕೋತೀನಿ" ಅಂದ ಕೆಂಡ.

ಬುಧವಾರ ಸಂಜೆ ಕೆಲಸಕ್ಕೆ ಕೂತ. ಹಳೆ ಹಲಗೆ ಬಿಚ್ಚಿದ. ಗುಬ್ಬಿ ಎರಡೂ ಕೈಯಲ್ಲಿ ಉಬ್ಬುಗಾಜು ಹಿಡಿದು ಒಳಗೂ ಹೊರಗೂ ಒರೆಸಿ, ಮೂಗು ಬರೆಯದೆ ಗೌರವದಿಂದ ವಾಪಸ್ಸು ಕೊಟ್ಟಳು. ಅಷ್ಟರಲ್ಲಿ ಒಳಗಿನಿಂದ ಹೆಂಡತಿಯ ಧ್ವನಿ: "ರೀ, ನಿಮ್ಮ ಮಗ ಏನು ಮಾಡಿದಾನೆ ಬಂದು ನೋಡಿ." ಒಳ್ಳೆಯದು ಮಾಡಿದರೆ ನನ್ನ ಮಗ, ಇಲ್ಲದಿದ್ದರೆ ನಿಮ್ಮ ಮಗ, ಅದು ಎಲ್ಲ ಮನೆಯಲ್ಲೂ ಇದ್ದದ್ದೇ. ಉಂಡೆ ತನ್ನ ಹೊಸ ಶಾಲೆ ಬೂಟಿನಲ್ಲಿ ಎರಡು ಇರುವೆ, ಎರಡು ಜಿರಲೆ ಮತ್ತು ಎರಡು ಬಿಸ್ಕತ್ತು ತುಂಬಿ ನೀರಿನ ಡ್ರಮ್ಮಿನಲ್ಲಿ ತೇಲಿಬಿಟ್ಟಿದ್ದ. ನೋಹನ ನಾವೆಯಂತೆ. ನಾವೆ ತಳ ಸೇರಿತ್ತು. ಒಂದು ಜಿರಲೆ ಮಾತ್ರ ಬದುಕುಳಿದು ಡ್ರಮ್ಮಿನ ಅಂಚಿನ ಮೇಲೆ ಕೂತಿತ್ತು.

ಕೆಂಡ ಎದ್ದು ಹೋಗಲಿಲ್ಲ. ಕೂತಲ್ಲಿಂದಲೇ ಶುರು ಮಾಡಿದ. ಮೊನ್ನೆ ತಂದ ಬೂಟು, ಕುಡಿಯುವ ನೀರು, ತಲೆಯಲ್ಲಿ ಮಿದುಳಿದೆಯೋ ಮಣ್ಣಿದೆಯೋ, ಎಲ್ಲ ಬಂತು. ಬಾಯಿ ಬೈಯುತ್ತಿತ್ತು, ಕೈ ಹೊಸ ಹಲಗೆಗೆ ಮೊಳೆ ಹೊಡೆಯುತ್ತಿತ್ತು. ಬೈಗುಳಕ್ಕೊಂದು ಏಟು, ಏಟಿಗೊಂದು ಮೊಳೆ. ಮುಗಿಸಿ ಫೋಟೋವನ್ನು ಕೆಳಗಿನ ಶೆಲ್ಫಿನಲ್ಲಿ ಗೋಡೆಗೆ ಒರಗಿಸಿಟ್ಟು ಒಳಗೆ ಹೋದ. ಪ್ರಾರ್ಥನೆಯಲ್ಲಿ ಉಂಡೆ ನಾವೆಯ ವಿಷಯ ಹೇಳಿದ. ಕೆಂಡ, "ಇವತ್ತು ಕೂಗಾಡಿದೆ, ಕ್ಷಮಿಸಿ" ಅಂದ. ಆಮೆನ್ ಆಯಿತು.

ಗುರುವಾರ ಬೆಳಿಗ್ಗೆ ಅಂಗಡಿ ತೆಗೆದರೆ ಉಬ್ಬುಗಾಜಿನ ಮೇಲೆ ಒಂದು ಬಿರುಕು. ಕೂದಲಿನಷ್ಟು ಸಣ್ಣದು, ಅಂಚಿನಿಂದ ಹೊರಟು ಟೀಚರಮ್ಮನ ತಾಯಿಯ ಹೆಗಲಿನ ತನಕ ಬಂದು ನಿಂತಿತ್ತು.

ಕೆಂಡನ ಸಿಟ್ಟು ನೆತ್ತಿಗೇರಿತು. ಬೇರೆ ಯಾರ ಗಾಜಾಗಿದ್ದರೂ ಮೊದಲು ಕೈಗೆತ್ತಿಕೊಂಡು ನೋಡುತ್ತಿದ್ದ. ಇದನ್ನು ಮುಟ್ಟಲೂ ಇಲ್ಲ. ಪರದೆ ಸರಿಸಿ ಒಳಗೆ ಹೋಗಿ ಕೇಳಿದ್ದು ಒಂದೇ: "ಯಾರು?"

ಗುಬ್ಬಿ ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡು ಇಲ್ಲ ಅಂತ ತಲೆಯಾಡಿಸಿದಳು. ಉಂಡೆ ಅಕ್ಕನನ್ನು ನೋಡಿ ತಾನೂ ತಲೆಯಾಡಿಸಿದ. "ಕೆಳಗಿನ ಶೆಲ್ಫು, ನಿಮ್ಮ ಕೈಗೇ ಎಟುಕೋದು. ನಿನ್ನೆ ಸಂಜೆ ಒರೆಸಿದ್ದು ನೀನು" ಅಂತ ಮಗಳ ಕಡೆ ಬೆರಳು ತೋರಿಸಿದ. ಅವಳು, "ಒರೆಸಿ ಕೊಟ್ನಲ್ಲ ಅಪ್ಪ" ಅಂದಳು. ಅಂದು ಸಂಜೆ ಪ್ರಾರ್ಥನೆಯಲ್ಲಿ ಗುಬ್ಬಿ ಹೇಳಿದ್ದು ರಬ್ಬರು ಕಳೆದ ಸುದ್ದಿ, ಉಂಡೆ ಹೇಳಿದ್ದು ಗೋಡೆಗೆ ಮೂಗು ಒರೆಸಿದ ಸುದ್ದಿ. ಗಾಜಿನ ಸುದ್ದಿ ಯಾರೂ ಎತ್ತಲಿಲ್ಲ. ಕೆಂಡ ತನ್ನ ಸರದಿಯಲ್ಲಿ ಬಾಯಿ ತೆರೆಯದೆ ಎದ್ದುಹೋದ.

ಆಮೇಲೆ ಅವನು ಮಾತು ನಿಲ್ಲಿಸಿದ. ಇದು ಆ ಮನೆಗೆ ಹೊಸದು. ಅವನ ಕೂಗಾಟ ಮನೆಯವರಿಗೆ ಬೀದಿಯ ಗಾಡಿಗಳ ಸದ್ದಿನ ಹಾಗೆ, ಕಿವಿಗೆ ಬೀಳುತ್ತಲೇ ಇರಲಿಲ್ಲ. ಅವನು ಸುಮ್ಮನಿದ್ದದ್ದೇ ಎಲ್ಲರಿಗೂ ಕೇಳಿಸತೊಡಗಿತು. ಶುಕ್ರವಾರ ಇಡೀ ದಿನ ಚಮಚ ತಟ್ಟೆಗೆ ತಗುಲಿದರೂ ಉಂಡೆ ಬೆಚ್ಚಿಬೀಳುತ್ತಿದ್ದ. ಗುಬ್ಬಿ ಶಾಲೆಯಿಂದ ಬಂದು ಸ್ಟೂಲಿನ ಮೇಲೆ ಕೂತು ಪೇಪರು ಮುದ್ದೆ ಮಾಡಿದಳು. ಒರೆಸಲು ಅವನು ಯಾವ ಗಾಜನ್ನೂ ಕೊಡಲಿಲ್ಲ. ಸ್ವಲ್ಪ ಹೊತ್ತು ಕೂತು ಪೇಪರನ್ನು ಮತ್ತೆ ಬಿಡಿಸಿ ಸಾಪಾಗಿ ಮಡಿಸಿಟ್ಟು ಎದ್ದುಹೋದಳು.

ಆ ಸಂಜೆ ಪ್ರಾರ್ಥನೆಯಲ್ಲಿ ಅವಳ ಸರದಿ ಬಂದಾಗ, "ಕರ್ತನೇ, ಗಾಜು ನಾನು ಒಡೆದೆ" ಅಂದಳು.

ಹೆಂಡತಿ ಕಣ್ಣು ತೆರೆದಳು. ಕೆಂಡನೂ ತೆರೆದ. "ಹೇಗೆ ಒಡೆದೆ?"

"ಕೈಯಿಂದ."

"ಕೈಯಿಂದ ಅಂದ್ರೆ? ಬಿತ್ತಾ?"

"ಹೂಂ, ಬಿತ್ತು."

"ಎಲ್ಲಿಗೆ ಬಿತ್ತು?"

ಗುಬ್ಬಿ ಸ್ವಲ್ಪ ಯೋಚಿಸಿ, "ಕೆಳಗೆ" ಅಂದಳು.

ಬಿದ್ದಿದ್ದರೆ ಚೂರುಚೂರಾಗಬೇಕಿತ್ತಲ್ಲ ಅನ್ನುವುದು ಕೆಂಡನ ತಲೆಯೊಳಗೆ ಒಂದು ನೊಣದ ಹಾಗೆ ಸುಳಿದು ಹೋಯಿತು. ಅವನು ಅದನ್ನು ಓಡಿಸಿಬಿಟ್ಟ. ಎರಡು ದಿನ ಹೊತ್ತ ಕೋಪಕ್ಕೆ ಇಳಿಸಲು ಒಂದು ಜಾಗ ಸಿಕ್ಕಿತ್ತು. ನಿಯಮದ ಪ್ರಕಾರ ಕ್ಷಮಿಸಿದೆ ಅಂದ, ಆಮೆನ್ ಅಂದ. ಆಮೇಲೆ ಹೇಳಿದ: "ಇನ್ನು ಅಂಗಡಿಗೆ ಬರೋ ಹಾಗಿಲ್ಲ. ಸ್ಟೂಲು ಒಳಗಿರ್ಲಿ. ನಾಳೆ ಟೀಚರಮ್ಮ ಬಂದಾಗ ಅವರ ಮುಂದೆ ನೀನೇ ನಿಂತು ಹೇಳ್ಬೇಕು, ನಾನು ಒಡೆದೆ ಅಂತ."

"ಆಮೆನ್ ಆದ್ಮೇಲೆ ಮಾತಿಲ್ಲ ರೀ" ಅಂದಳು ಹೆಂಡತಿ.

"ಅದು ಮನೆ ನಿಯಮ. ಇದು ಅಂಗಡಿ ವಿಷಯ."

"ದೇವರಿಗೆ ಬೇರೆ, ಅಂಗಡಿಗೆ ಬೇರೆ ಪುಸ್ತಕ ಇಟ್ಟಿದೀರಾ?"

ಗುಬ್ಬಿ ಮಾತ್ರ ಅಳಲಿಲ್ಲ. ಅದೇ ಅವನಿಗೆ ಅರ್ಥವಾಗಲಿಲ್ಲ. ಟೀಚರಮ್ಮನ ಮುಂದೆ ಅನ್ನುವಾಗ ಮುಖ ಸಣ್ಣದಾಯಿತು ನಿಜ, ಆದರೆ ಎದ್ದು ಹೋಗಿ ತಾನೇ ಸ್ಟೂಲು ಎತ್ತಿಕೊಂಡು ಬಂದು ಅಡಿಗೆಮನೆಯ ಬಾಗಿಲ ಹಿಂದೆ ಇಟ್ಟಳು. ಆಮೇಲೆ ಅವನ ಪಕ್ಕದಲ್ಲೇ ಕೂತು ಅನ್ನ ತಿಂದಳು. "ಅಪ್ಪ, ಈಗ ಮಾತಾಡ್ತೀಯಲ್ಲ?" ಅಂತ ಕೇಳಿದಳು. ಅವನು ಹೂಂಗುಟ್ಟಿ ತುತ್ತು ಎತ್ತಿದ.

ಶನಿವಾರ ಬೆಳಿಗ್ಗೆ ಉಂಡೆ ಹಾಲಿನ ಲೋಟ ಕೆಳಗಿಟ್ಟು, "ಅಪ್ಪ, ಗಾಜು ನಾನೂ ಒಡೆದೆ" ಅಂದ.

"ನೀನೂ ಅಂದ್ರೆ?"

"ಅಕ್ಕ ಒಡೆದಾದ್ಮೇಲೆ ನಾನೂ ಒಡೆದೆ."

"ಒಂದೇ ಬಿರುಕಿರೋದು ಕಣೋ."

ಉಂಡೆ ಲೆಕ್ಕ ಹಾಕಿ, "ಅರ್ಧ ಅರ್ಧ" ಅಂದ.

ಕೆಂಡ ಹೆಂಡತಿಯ ಮುಖ ನೋಡಿದ. ಅವಳು ಒಲೆಯ ಕಡೆಗೇ ತಿರುಗಿ, "ಹಂಗೆ ನೋಡಿದ್ರೆ ನಾನೂ ಇರಬಹುದು ರೀ. ಗುರುವಾರ ಬೆಳಿಗ್ಗೆ ನೀವು ಏಳೋ ಮೊದಲು ಅಂಗಡಿ ಗುಡಿಸಿದೆ. ಪೊರಕೆ ಕಡ್ಡಿ ಆ ಶೆಲ್ಫಿಗೆ ತಗುಲಿತು ಅನ್ಸತ್ತೆ. ಎರಡು ದಿನದಿಂದ ಹೇಳೋಣ ಅಂದ್ರೆ ನಿಮ್ಮ ಮುಖ ನೋಡಿ ಧೈರ್ಯ ಬರ್ಲಿಲ್ಲ" ಅಂದಳು.

ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ನೋಡಿದರೆ ಮನೆ ಮಂದಿಯೆಲ್ಲ ಸಾಲಾಗಿ ನಿಂತು ಹೆಗಲು ಒರೆಸಿಕೊಳ್ಳುತ್ತಿದ್ದಾರೆ. ಒಂದು ಗಾಜಿಗೆ ಮೂವರು ಕಳ್ಳರು. ಗುರುವಾರ ಒಬ್ಬರೂ ಇರಲಿಲ್ಲ, ಇನ್ನು ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯವರೂ ಬಂದು ಒಪ್ಪಿಕೊಂಡರೆ ಏನು ಗತಿ? ಯಾರ ಮೇಲೆ ಸಿಟ್ಟಾಗಬೇಕು ಅನ್ನುವುದೇ ತಿಳಿಯದೆ ಅವನ ಸಿಟ್ಟು ದಾರಿ ತಪ್ಪಿದ ಕರುವಿನ ಹಾಗೆ ಅಲ್ಲೇ ಸುತ್ತಿತು. ತಲೆ ಕೆಟ್ಟು ಹೋಗಿ ಅಂಗಡಿಗೆ ಬಂದ.

ಬಂದು, ಮೂರು ದಿನದಲ್ಲಿ ಮೊದಲ ಸಲ ಆ ಫೋಟೋವನ್ನು ಕೈಗೆತ್ತಿಕೊಂಡ. ಗಿರಾಕಿಯ ಗಾಜು ನೋಡುವ ಹಾಗೆ ಬೆಳಕಿಗೆ ಹಿಡಿದ.

ಏಟಿನ ಗುರುತಿಲ್ಲ. ಜೇಡರ ಬಲೆ ಇಲ್ಲ. ಪೊರಕೆ ಕಡ್ಡಿ ಅಲ್ಲ. ಬಿದ್ದದ್ದಂತೂ ಅಲ್ಲವೇ ಅಲ್ಲ. ಬಿರುಕು ಅಂಚಿನಿಂದ ನೆಟ್ಟಗೆ ಹುಟ್ಟಿತ್ತು. ಹುಟ್ಟಿದ ಜಾಗದ ಹಿಂದೆ ಏನಿದೆ ಅಂತ ತಿರುಗಿಸಿದ. ಎಡಗಡೆಯ ನಾಲ್ಕನೇ ಮೊಳೆ. ಅದರ ತಲೆ ಹೊಸ ಹಲಗೆಯೊಳಗೆ ಹೂತುಹೋಗಿತ್ತು, ಸುತ್ತಿಗೆಯ ದುಂಡು ಗುರುತು ಮರದಲ್ಲಿ ಅಚ್ಚೊತ್ತಿತ್ತು. ಇಕ್ಕಳದಿಂದ ಕಿತ್ತ. ಹಲಗೆ ಟಕ್ ಅಂತ ಒಂದು ಕೂದಲೆಳೆಯಷ್ಟು ಮೇಲೆದ್ದು ಉಸಿರು ಬಿಟ್ಟಿತು. ಹಳೆ ಹಲಗೆಗಿಂತ ಹೊಸದು ದಪ್ಪ. ಒಳಗೆ ಉಬ್ಬುಗಾಜು ಇದೆ, ಮೊಳೆ ಸಡಿಲ ಇರಬೇಕು ಅನ್ನುವುದು ಈ ಕೆಲಸದಲ್ಲಿ ಅಆಇಈ. ಮಾವ ಗೆಣ್ಣಿನ ಮೇಲೆ ಹೊಡೆದು ಕಲಿಸಿದ ಪಾಠವೇ ಅದು. ಬಿಗಿದ ಗಾಜು ಕೂಡಲೇ ಒಡೆಯುವುದಿಲ್ಲ. ಸಹಿಸಿಕೊಂಡು ಸಹಿಸಿಕೊಂಡು ಯಾರೂ ಇಲ್ಲದಾಗ ಬಿರಿಯುತ್ತದೆ.

ಬುಧವಾರದ ಬೂಟು, ಜಿರಲೆ, ಬೈಗುಳ ಎಲ್ಲ ನೆನಪಾಯಿತು. ನಾಲ್ಕನೇ ಮೊಳೆ ಯಾವ ಬೈಗುಳದ್ದು ಅಂತಲೂ ಬಹುಶಃ ಹೇಳಬಲ್ಲವನಾಗಿದ್ದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದ ಹಾಗಾಯಿತು. ನಗು ಬರಲಿಲ್ಲ.

ಪರದೆಯ ಆಚೆಯಿಂದ ಸಣ್ಣ ಧ್ವನಿ ಕೇಳಿಸಿತು. "ಟೀಚರ್, ನನ್ನಿಂದ ತಪ್ಪಾಯ್ತು, ನಿಮ್ಮ ಅಮ್ಮನ ಗಾಜು ನಾನು ಒಡೆದೆ." ಸ್ವಲ್ಪ ನಿಂತು ಮತ್ತೆ ಅದೇ. ಇಣುಕಿದ. ಗುಬ್ಬಿ ಸ್ಟೂಲಿನ ಮುಂದೆ ಕೈ ಕಟ್ಟಿ ನಿಂತು ಸ್ಟೂಲಿಗೆ ಒಪ್ಪಿಸುತ್ತಿದ್ದಳು. 'ಅಮ್ಮನ' ಅನ್ನುವಾಗ ಪ್ರತಿ ಸಲ ಧ್ವನಿ ಒಡೆಯುತ್ತಿತ್ತು, ಅಲ್ಲಿಂದ ಮತ್ತೆ ಶುರು.

ಕೆಂಡ ಹೋಗಿ ನೆಲದ ಮೇಲೆ ಕೂತ. "ಗುಬ್ಬಿ, ನೀನು ಒಡೆದಿಲ್ಲ."

ಅವಳು ಕಟ್ಟಿದ್ದ ಕೈ ಬಿಚ್ಚಿದಳು.

"ಒಡೆದಿಲ್ಲ ತಾನೇ? ಮತ್ಯಾಕೆ ಹೇಳ್ದೆ? ಅದೂ ಪ್ರಾರ್ಥನೆಯಲ್ಲಿ?"

"ಯಾರಾದ್ರೂ ಒಬ್ಬರು ಹೇಳ್ಬೇಕಿತ್ತಲ್ಲ ಅಪ್ಪ. ನೀನು ಮಾತೇ ಆಡ್ತಿರ್ಲಿಲ್ಲ." ಫ್ರಾಕಿನ ಅಂಚು ಸುರುಳಿ ಸುತ್ತುತ್ತಾ ಹೇಳಿದಳು. "ಟೀಚರ್ ಹೇಳಿದ್ರು, ಯೇಸುಸ್ವಾಮಿ ಏನೂ ತಪ್ಪು ಮಾಡಿರ್ಲಿಲ್ಲ, ಆದ್ರೂ ಎಲ್ಲರ ತಪ್ಪನ್ನೂ ತನ್ನ ಮೇಲೆ ಹಾಕ್ಕೊಂಡ್ರಂತೆ. ಆಮೇಲೆ ಎಲ್ಲರಿಗೂ ಸರಿಹೋಯ್ತಂತೆ. ನಮ್ಮನೇಲೂ ಸರಿಹೋಯ್ತಲ್ಲ. ನೀನು ಅನ್ನ ತಿಂದೆ."

ಬೈಯೋಣವೆಂದರೆ ಎಲ್ಲಿಂದ ಹಿಡಿಯುವುದು? ಸುಳ್ಳು ಹೇಳಿದ್ದು ನಿಜ, ಅದೂ ದೇವರ ಮುಂದೆ ಕಣ್ಣು ಮುಚ್ಚಿ. ಹೊಗಳೋಣವೆಂದರೆ ನಾಳೆ ಇಡೀ ಬೀದಿಯ ತಪ್ಪುಗಳನ್ನೆಲ್ಲ ಹೊತ್ತುಕೊಂಡು ಬರುತ್ತಾಳೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಯಾರ ತಪ್ಪನ್ನು ಅವಳು ಹೊತ್ತಿದ್ದಾಳೆ ಅಂತ ಅವಳಿಗೇ ಗೊತ್ತಿರಲಿಲ್ಲ. ಗೊತ್ತಿದ್ದವನು ಎದುರಿಗೇ ಕೂತಿದ್ದ. ಹೇಳಿಬಿಡಬೇಕು ಅಂತ ಬಾಯಿ ತೆರೆದ. 'ನಾನು' ಅನ್ನುವ ಎರಡಕ್ಷರ ನಾಲಿಗೆಯ ಮೇಲೆ ಬಂದು ಕೂತಿತು, ಹೊರಗೆ ಬೀಳಲಿಲ್ಲ. ಬೈಗುಳ ಅಷ್ಟು ಸಲೀಸಾಗಿ ಬರುವ ಬಾಯಿ ಅದು. "ಸುಮ್ನೆ ಹಾಲು ಕುಡಿ" ಅಂತ ಹೇಳಿ ಎದ್ದು ಬಂದ. ಹಾಲು ಬೆಳಿಗ್ಗೆಯೇ ಕುಡಿದಾಗಿತ್ತು.

ಅಂದು ಮಧ್ಯಾಹ್ನ ಅವನು ಒಂದು ಕಿಟಕಿ ಗಾಜನ್ನು ಎರಡು ಸಲ ತಪ್ಪಾಗಿ ಕೊಯ್ದ. ಮಗುವಿನ ಬಾಯಲ್ಲಿ ಬಂದ ಮಾತು, ಹಾಗೇ ಬಿಟ್ಟರೆ ಟೀಚರಮ್ಮನೂ ಮಗು ಅಂತ ಸುಮ್ಮನಾಗುತ್ತಾರೆ, ಅಂಗಡಿಯ ಹೆಸರೂ ಉಳಿಯುತ್ತದೆ. ಈ ಯೋಚನೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಬಂದಾಗ ಬೀರುವಿನ ಗಾಜಿನ ಆ ದೊಡ್ಡ ಮನುಷ್ಯನ ಮುಖವೂ ಜೊತೆಗೇ ಬಂತು.

ನಾಲ್ಕಕ್ಕೆ ಸರಿಯಾಗಿ ಟೀಚರಮ್ಮ ಬಂದರು. ಪರದೆ ಸರಿಸಿ ಗುಬ್ಬಿ ಬಂದಳು. ಭಾನುವಾರದ ಫ್ರಾಕು ಹಾಕಿಕೊಂಡಿದ್ದಳು, ತಲೆಗೆ ತಾನೇ ನೀರು ಹಚ್ಚಿ ಬಾಚಿಕೊಂಡಿದ್ದಳು. ಅವಳ ಹಿಂದೆ ಉಂಡೆ, ಒಂದು ಕಾಲಿಗೆ ಮಾತ್ರ ಬೂಟು. ಬಾಗಿಲಲ್ಲಿ ಹೆಂಡತಿ.

ಗುಬ್ಬಿ ಕೈ ಕಟ್ಟಿದಳು. "ಟೀಚರ್, ನನ್ನಿಂದ..."

"ನಾನು ಒಡೆದೆ ಟೀಚರಮ್ಮ" ಅಂದುಬಿಟ್ಟ ಕೆಂಡ. ಅಭ್ಯಾಸಬಲದಿಂದ ಅದೂ ಕೂಗಿದ ಹಾಗೇ ಬಂತು. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ.

"ಇಲ್ಲ ಟೀಚರ್, ನಾನು" ಅಂದಳು ಗುಬ್ಬಿ, ಅಪ್ಪನನ್ನು ವಿಚಿತ್ರವಾಗಿ ನೋಡುತ್ತಾ.

"ನಾನು ಅರ್ಧ" ಅಂದ ಉಂಡೆ.

ಟೀಚರಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಏನು ಒಡೆದ್ರಿ? ಎಷ್ಟು ಒಡೆದ್ರಿ?"

ಕೆಂಡ ಫೋಟೋ ಮುಂದಿಟ್ಟ. ನಾಲ್ಕನೇ ಮೊಳೆ ತೋರಿಸಿದ, ಸುತ್ತಿಗೆಯ ಗುರುತು ತೋರಿಸಿದ. "ಕೋಪದಲ್ಲಿ ಬಿಗಿಯಾಗಿ ಹೊಡೆದೆ. ಮೂರು ದಿನ ಮಕ್ಕಳ ಮೇಲೆ ಹಾಕಿದೆ. ಇವಳು ಒಡೆದಿಲ್ಲ. ಇವನಂತೂ ಅತ್ತ ಹೋಗಿಯೂ ಇಲ್ಲ." ಆಮೇಲೆ ಗುಬ್ಬಿ ಏಕೆ ಹಾಗೆ ಹೇಳಿದಳು ಅನ್ನುವುದನ್ನೂ ಒಂದಕ್ಷರ ಬಿಡದೆ ಹೇಳಿ, "ಪಾಠ ಹೇಳಿಕೊಟ್ಟವರು ನೀವು. ಈಗ ಇವಳನ್ನ ಬೈಯಬೇಕೋ, ತಲೆ ನೇವರಿಸಬೇಕೋ ನೀವೇ ಹೇಳಿ. ನಂದು ಐದನೇ ಕ್ಲಾಸು, ಗೊತ್ತಾಗಲ್ಲ" ಅಂದ.

ಟೀಚರಮ್ಮ ತಾಯಿಯ ಹೆಗಲಿನ ಮೇಲಿನ ಗೆರೆಯನ್ನು ಬೆರಳಿನಿಂದ ಮುಟ್ಟುತ್ತಿದ್ದರು. ಅವರ ಮುಖದಲ್ಲಿ ಬೇಸರ ಇತ್ತು, ಅದನ್ನು ಅವರು ಮುಚ್ಚಲಿಲ್ಲ. "ಉಳಿದದ್ದು ಮುಟ್ಟಬೇಡ ಅಂದಿದ್ದೆನಲ್ಲಪ್ಪ" ಅಂದರು. ಆಮೇಲೆ ಗುಬ್ಬಿಯ ಕಡೆ ನೋಡಿದರು. ಏನೋ ಹೇಳಲು ಹೊರಟು ನಿಲ್ಲಿಸಿದರು, ಇನ್ನೊಂದು ಹೇಳಲು ಹೊರಟು ಅದನ್ನೂ ನಿಲ್ಲಿಸಿದರು. "ಇಪ್ಪತ್ತು ವರ್ಷದಿಂದ ಆ ಪಾಠ ಮಾಡ್ತಿದ್ದೀನಿ. ಒಂದು ಮಗುವೂ ಮನೆಗೆ ಹೋಗಿ ಹಿಂಗೆ ಮಾಡಿರ್ಲಿಲ್ಲ. ಬೈಯಬೇಕೋ ಬೇಡವೋ ನಂಗೂ ಗೊತ್ತಾಗ್ತಿಲ್ಲ ಕಣಪ್ಪ" ಅಂದರು.

"ಚಪ್ಪಟೆ ಗಾಜು ಹಾಕಿಕೊಡ್ತೀನಿ" ಅಂದ ಕೆಂಡ.

"ಬೇಡ. ಚಪ್ಪಟೆ ಹಾಕಿದ್ರೆ ಅಮ್ಮ ಹಿಂದೆ ಹೋಗಿಬಿಡ್ತಾಳೆ. ಬಿರುಕು ಮುಖಕ್ಕೆ ಬಂದಿಲ್ಲವಲ್ಲ. ಮೊಳೆ ಸಡಿಲ ಮಾಡಿ ಹಂಗೇ ಕೊಡು."

ಅವನು ಎಲ್ಲ ಮೊಳೆಗಳನ್ನೂ ಕಿತ್ತು, ಹಲಗೆಯನ್ನು ಉಜ್ಜಿ ತೆಳ್ಳಗೆ ಮಾಡಿ, ಮತ್ತೆ ಕೂರಿಸಿ, ಒಂದೊಂದೇ ಮೊಳೆಯನ್ನು ಮೆಲ್ಲಗೆ ತಟ್ಟಿದ. ಹೋಗುವಾಗ ಟೀಚರಮ್ಮ ಗುಬ್ಬಿಯ ಗಲ್ಲ ಹಿಡಿದು, "ನಾಳೆ ಪಾಠಕ್ಕೆ ಬಾ. ಅದರ ಮುಂದಿನ ಭಾಗ ಹೇಳ್ತೀನಿ" ಅಂದರು. ಅದಕ್ಕೆ ಮುಂದಿನ ಭಾಗ ಏನಿದೆ ಅಂತ ಅವರಿಗೂ ಸರಿಯಾಗಿ ಹೊಳೆದ ಹಾಗಿರಲಿಲ್ಲ.

ಆ ಸಂಜೆ ಪ್ರಾರ್ಥನೆ. ಕೆಂಡನ ಸರದಿ ಬಂತು. ಗುಬ್ಬಿ ಬಾಯಿಪಾಠದ ಮಾತು ಬರುತ್ತದೆ ಅಂತ ತುಟಿ ಆಡಿಸಲು ಸಿದ್ಧವಾಗಿದ್ದಳು. ಅವನು ನಿಧಾನವಾಗಿ, ಕಲ್ಲು ಎತ್ತಿಡುವವನ ಹಾಗೆ ಹೇಳಿದ. "ಗಾಜು ನಾನು ಒಡೆದೆ. ಒಡೆದದ್ದು ನೋಡದೆ ಮಗಳ ಮೇಲೆ ಹಾಕಿದೆ. ಅವಳ ಸ್ಟೂಲು ಕಿತ್ಕೊಂಡೆ. ಮಾತು ಬಿಟ್ಟೆ. ಕ್ಷಮಿಸಿ."

ಗುಬ್ಬಿ ಒಂದು ಕಣ್ಣು ತೆರೆದಳು. "ಇದು ಹೊಸದು" ಅಂದಳು. ಆಮೇಲೆ, "ಹೇಗೆ ಒಡೆದೆ?"

"ಟೀಚರಮ್ಮನ ಮುಂದೆ ಹೇಳಿದ್ನಲ್ಲ, ಮೊಳೆ ಬಿಗಿಯಾಯ್ತು."

"ಯಾಕೆ ಬಿಗಿಯಾಯ್ತು?"

"ಕೋಪ ಬಂದಿತ್ತು."

"ಯಾರ ಮೇಲೆ?"

ಅವನು ಉಂಡೆಯ ಕಡೆ ನೋಡಿದ. ಉಂಡೆ ಕೂತಲ್ಲೇ ಅಮ್ಮನ ತೊಡೆಗೆ ಒರಗಿ ನಿದ್ದೆ ಹೋಗಿದ್ದ. "ಬೂಟಿನ ಮೇಲೆ" ಅಂದ ಕೆಂಡ. ಹೆಂಡತಿ ಈ ಸಲ ಬಾಯಿ ಮುಚ್ಚಿಕೊಳ್ಳದೆಯೇ ನಕ್ಕಳು.

"ಕ್ಷಮಿಸಿದೆ" ಅಂದಳು ಗುಬ್ಬಿ. "ಈಗ ನಂದು. ಕರ್ತನೇ, ಒಡೆಯದೇ ಇದ್ರೂ ಒಡೆದೆ ಅಂತ ಹೇಳಿದೆ. ಅದು ತಪ್ಪಾ ಅಂತ ಗೊತ್ತಿಲ್ಲ. ತಪ್ಪಾಗಿದ್ರೆ ಕ್ಷಮಿಸು."

ಆಮೆನ್ ಯಾರು ಹೇಳಬೇಕು ಅಂತ ಸ್ವಲ್ಪ ಹೊತ್ತು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಹೆಂಡತಿಯೇ ಹೇಳಿದಳು.

ಭಾನುವಾರ ಅಂಗಡಿಗೆ ರಜ. ಸೋಮವಾರ ಗುಬ್ಬಿ ಶಾಲೆಯಿಂದ ಬಂದಾಗ ಸ್ಟೂಲು ಅಂಗಡಿಯ ಮೂಲೆಯಲ್ಲಿತ್ತು. ಕೆಂಡ ಯಾರೂ ನೋಡದಾಗ ತಂದಿಟ್ಟಿದ್ದ. ಅವಳು ಅದರ ಮೇಲೆ ಕೂರಲಿಲ್ಲ. ಮೊದಲು ಅದನ್ನು ಎತ್ತಿಕೊಂಡು ಮೂಲೆಯಿಂದ ಅವನ ಕೆಲಸದ ಮೇಜಿನ ಪಕ್ಕಕ್ಕೆ ತಂದಳು. ಆಮೇಲೆ ಮೇಜಿನ ಮೇಲಿದ್ದ ಮೊಳೆ ಡಬ್ಬಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಅದ್ಯಾಕೆ?"

"ನಾನು ಕೊಡ್ತೀನಿ. ಒಂದೊಂದೇ."

ಐದು ಗಂಟೆಗೆ ಒಬ್ಬ ಗಿರಾಕಿ ಬಂದ. ಸ್ನಾನದ ಮನೆಗೆ ಹಾಕಿಕೊಟ್ಟ ಕನ್ನಡಿ ತನ್ನನ್ನು ದಪ್ಪ ತೋರಿಸುತ್ತದೆ ಅಂತ ತಕರಾರು ತೆಗೆದ. ಕೆಂಡನ ಕುತ್ತಿಗೆಯ ನರ ಎದ್ದಿತು. ಕನ್ನಡಿಯ ಗುಣ, ಗಿರಾಕಿಯ ಹೊಟ್ಟೆ, ಎರಡರ ಬಗ್ಗೆಯೂ ಒಂದಿಷ್ಟು ಹೇಳಿ ಅವನನ್ನು ಕಳಿಸಿ, ಸುತ್ತಿಗೆ ಎತ್ತಿಕೊಂಡ, ಇನ್ನೊಂದು ಕೈ ಮಗಳ ಕಡೆ ಚಾಚಿದ.

ಕೈಗೆ ಏನೂ ಬೀಳಲಿಲ್ಲ.

ತಿರುಗಿ ನೋಡಿದ. ಗುಬ್ಬಿ ಡಬ್ಬಿಯ ಮುಚ್ಚಳದ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು.

"ಮೊಳೆ ಕೊಡೇ."

"ಇನ್ನೂ ಸ್ವಲ್ಪ ಹೊತ್ತು" ಅಂದಳು ಅವಳು.

ಇದಕ್ಕೆ ಕೂಗಬೇಕೋ ಸುಮ್ಮನಿರಬೇಕೋ ಅವನಿಗೆ ತಿಳಿಯಲಿಲ್ಲ. ಸುತ್ತಿಗೆ ಕೆಳಗಿಟ್ಟು, ಒಂದು ಗಾಜಿನ ತುಂಡು ತೆಗೆದು ಅವಳ ಮುಂದೆ ಹಿಡಿದ. ಅವಳು ಡಬ್ಬಿ ಬಿಡದೆಯೇ ಮುಂದೆ ಬಾಗಿ 'ಹಾ' ಅಂತ ಉಸಿರು ಬಿಟ್ಟು, ಮಬ್ಬಿನ ಮೇಲೆ ಒಂದು ಮೂಗು ಬರೆದಳು. ಅವನು ನೋಡುತ್ತಾ ನಿಂತ. ಮೂಗು ನಿಧಾನವಾಗಿ ಅಳಿಸಿಹೋದ ಮೇಲೆ ಅವಳು ಡಬ್ಬಿ ತೆರೆದು ಒಂದು ಮೊಳೆ ಕೊಟ್ಟಳು.